ನಾಲ್ಕು ಕಟ್ಟಿನ ಕಾದಂಬರಿ

ಹೇಳಿದ ಹೊತ್ತಿಗಿಂತ ಮುಂಚೆಯೇ ಗೋಂದಕ್ಕ ಬಂದು ಬಾಗಿಲಲ್ಲಿ ನಿಂತಾಗ ಸೂಜಿ ಇನ್ನೂ ಸೋಫಾದ ಒಂದು ತುದಿ ಹಿಡಿದು ಜಗ್ಗುತ್ತಿದ್ದಳು. ಇನ್ನೊಂದು ತುದಿ ಹಿಡಿಯಬೇಕಾಗಿದ್ದ ಗಂಡ, ಹೆಂಗಸರ ಸಭೆಯಲ್ಲಿ ತನಗೇನು ಕೆಲಸ ಎಂದು ಮೆಲ್ಲಗೆ ಜಾಗ ಖಾಲಿ ಮಾಡಿದ್ದ. ಊರವರ ಲಿಫ್ಟೆಲ್ಲ ರಿಪೇರಿ ಮಾಡುವ ಮನುಷ್ಯ, ಅವನಿರುವ ಕಟ್ಟಡಕ್ಕೇ ಲಿಫ್ಟಿಲ್ಲ. ಮೂರು ಮಹಡಿ ಹತ್ತಿ ಬಂದ ಗೋಂದಕ್ಕ ಏದುಸಿರು ಬಿಡುತ್ತಲೇ ಚೀಲ ಕೆಳಗಿಟ್ಟು ಸೋಫಾಕ್ಕೆ ಕೈ ಹಾಕಿದಳು. "ಎತ್ತೇ, ಎಳೀಬೇಡ. ನೆಲ ಗೀರುತ್ತೆ." ಕರೆದವರನ್ನು ಬಂದ ಕೂಡಲೇ ದುಡಿಸಿಕೊಂಡೆನಲ್ಲಾ ಎಂದು ಸೂಜಿಗೆ ನಾಚಿಕೆಯಾಯಿತು, ಜೊತೆಗೇ ಎಷ್ಟೋ ದಿನದ ಮೇಲೆ ಆ ಗದರಿಕೆ ಕೇಳಿ ಹಿತವೂ ಆಯಿತು.

ಸೂಜಿ, ಗೋಂದಕ್ಕ ಎಂಬವು ಅಪ್ಪ ಅಮ್ಮ ಇಟ್ಟ ಹೆಸರುಗಳಲ್ಲ. ಪುಸ್ತಕಕ್ಕೆ ಬೈಂಡಿಂಗ್ ಮಾಡುವ ಅಂಗಡಿಯ ಉದ್ದನೆಯ ಮೇಜು ಇಟ್ಟ ಹೆಸರುಗಳು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಚುತ್ತಿದ್ದವಳು ರೇಡಿಯೋ. ಕೈ ಮಡಚುತ್ತಿದ್ದರೆ ಅವಳ ಬಾಯಿ ಬೆಳಗಿನಿಂದ ಸಂಜೆವರೆಗೆ ಬಿತ್ತರಿಸುತ್ತಲೇ ಇರುತ್ತಿತ್ತು. ಮಡಚಿದ್ದನ್ನು ಪುಟ ಹಿಂದೆಮುಂದೆ ಆಗದಂತೆ ಜೋಡಿಸುತ್ತಿದ್ದವಳು ಎಣಿಕೆ, ಹೊಲಿಯುತ್ತಿದ್ದವಳು ಸೂಜಿ. ಹೊಲಿದ ಬೆನ್ನಿಗೆ ಗೋಂದು ಬಳಿದು ರಟ್ಟು ಕೂರಿಸುತ್ತಿದ್ದವಳು, ವಯಸ್ಸಿನಲ್ಲೂ ಬೈಗುಳದಲ್ಲೂ ಹಿರಿಯಳಾದ ಗೋಂದಕ್ಕ. ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಪುಸ್ತಕ ಸರಿಯುತ್ತಾ ಸರಿಯುತ್ತಾ ವರ್ಷಗಳೂ ಸರಿದಿದ್ದವು.

ಆಮೇಲೆ ಅಂಗಡಿ ಮುಚ್ಚಿತು. ಎಣಿಕೆ ಔಷಧಿ ಅಂಗಡಿ ಸೇರಿದಳು, ರೇಡಿಯೋ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹೋದಳು, ಗೋಂದಕ್ಕ ಮೊಮ್ಮಕ್ಕಳ ಹಿಂದೆ ಬಿದ್ದಳು. ಸೂಜಿ ಮನೆಯಲ್ಲೇ ಕೂತು ಬೇಕರಿಗೆ ರಟ್ಟಿನ ಡಬ್ಬಿ ಮಡಚತೊಡಗಿದಳು. ಮೊದಮೊದಲು ದಿನಾ ಫೋನಿತ್ತು, ಬರಬರುತ್ತಾ ಅದೂ ತೆಳ್ಳಗಾಯಿತು. ಒಂದು ದಿನ ಸಿಗ್ನಲ್ಲಿನಲ್ಲಿ ರಸ್ತೆಯ ಆಚೆ ಬದಿ ರೇಡಿಯೋ ನಿಂತಿದ್ದಳು. ಸೂಜಿ ಕೈ ಬೀಸಿದಳು, ಅವಳೂ ಬೀಸಿದಳು, ಬೀಸಿ ಹೊರಟೇ ಹೋದಳು. ಬಾಯಿಗೆ ಬೀಗ ಹಾಕಲು ದೇವರಿಂದಲೂ ಆಗದು ಎನಿಸಿಕೊಂಡಿದ್ದವಳು ಒಂದು ಮಾತೂ ಆಡದೆ ಹೋದಳು! ಅವತ್ತು ಸೂಜಿಗೆ ಊಟ ಸೇರಲಿಲ್ಲ. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟರೆ ನಾಲ್ಕೂ ಜನ ಬರೀ ಕೈ ಬೀಸುವವರಾಗಿಬಿಡುತ್ತೇವೆ ಎಂದು ಹೆದರಿದಳು. ಆ ಹೆದರಿಕೆಯಲ್ಲಿ ಹುಟ್ಟಿದ್ದು ಈ ಪುಸ್ತಕ ಕೂಟ.

ಪುಸ್ತಕವೂ ಮನೆಯಲ್ಲೇ ಇತ್ತೆನ್ನಿ. ಅಚ್ಚು ಹಾಕಿಸಿದವರು ಕೊಂಡೊಯ್ಯಲು ಬಾರದೆ ಉಳಿದಿದ್ದ ಒಂದು ಕಾದಂಬರಿಯ ಹಾಳೆಗಳನ್ನು ಮಾಲೀಕ ಕೊನೆಯ ದಿನ ರದ್ದಿಗೆ ಹಾಕುತ್ತಿದ್ದಾಗ, ಒಂದು ಪ್ರತಿಯಷ್ಟನ್ನು ಅವಳು ಎತ್ತಿಟ್ಟುಕೊಂಡಿದ್ದಳು. ಮಡಚಿಯಾಗಿತ್ತು, ಜೋಡಿಸಿಯೂ ಆಗಿತ್ತು, ಹೊಲಿದಿರಲಿಲ್ಲ. ಒಂದೇ ಪ್ರತಿಯನ್ನು ನಾಲ್ವರು ಓದುವುದು ಹೇಗೆ? ಸೂಜಿ ಅದನ್ನು ನಾಲ್ಕು ಪಾಲು ಮಾಡಿ, ಒಂದೊಂದಕ್ಕೂ ದಾರ ಕಟ್ಟಿ, ಮನೆಮನೆಗೆ ಮುಟ್ಟಿಸಿದಳು. ಒಬ್ಬೊಬ್ಬಳೂ ತನ್ನ ಕಟ್ಟು ಓದಿ ಮುಗಿಸಿ ಮುಂದಿನವಳಿಗೆ ದಾಟಿಸಬೇಕು, ಹೀಗೆ ಸುತ್ತು ಬರಬೇಕು ಎನ್ನುವುದು ಅವಳ ಲೆಕ್ಕಾಚಾರ. ಲೆಕ್ಕಾಚಾರ ತಲೆಯಲ್ಲಿತ್ತು. ಬಾಯಿಗೆ ಬಂದಿತ್ತೋ ಇಲ್ಲವೋ, ಅವಳಿಗೇ ನೆನಪಿರಲಿಲ್ಲ.

ತನ್ನ ಪಾಲಿನ ಕೊನೆಯ ಕಟ್ಟನ್ನು ಅವಳು ಅತ್ತೆಗೆ ಕೇಳಿಸುವಂತೆ ಗಟ್ಟಿಯಾಗಿ ಓದಿ ಮುಗಿಸಿದ್ದಳು. ಅತ್ತೆಗೆ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಪಕ್ಕದ ಮನೆಯ ಪಿಸುಮಾತಿಗೂ ಬಾಗಿಲು ತೆರೆದಿಟ್ಟಿತ್ತು.

ಎಣಿಕೆ ಸರಿಯಾದ ಹೊತ್ತಿಗೆ ಬಂದು, ತಟ್ಟೆಯಲ್ಲಿದ್ದ ಕೇಕಿನ ತುಂಡುಗಳನ್ನು ಕೂರುವ ಮೊದಲೇ ಸಾಲಾಗಿ ಸರಿಪಡಿಸಿದಳು. ರೇಡಿಯೋ ಬರಲಿಲ್ಲ. ಟೀ ಒಂದು ಸಲ ಬಿಸಿ ಮಾಡಿದ್ದಾಯಿತು, ಇನ್ನೊಂದು ಸಲವೂ ಆಯಿತು. ಬೆಳಿಗ್ಗೆ ಫೋನ್ ಮಾಡಿದಾಗ ಅವಳು ಆಡಿದ್ದು "ನೋಡ್ತೀನಿ" ಎಂಬ ಒಂದೇ ಮಾತು. ಬರುವವರು ನೋಡ್ತೀನಿ ಎನ್ನುತ್ತಾರೆಯೇ? ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದ ಸೂಜಿಯನ್ನು ಗೋಂದಕ್ಕ, ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ ಎಂದು ಕೈ ಹಿಡಿದು ಕೂರಿಸಿದಳು. ಇವಳೊಬ್ಬಳು ಬಾರದಿದ್ದರೆ ಕೂಟ ಇವತ್ತೇ ಹುಟ್ಟಿ ಇವತ್ತೇ ಮುಗಿಯುತ್ತದೆ ಎಂದು ಸೂಜಿಗೆ ಗೊತ್ತಿತ್ತು. ಉಳಿದಿಬ್ಬರು ಒಳ್ಳೆಯವರೇ. ಆದರೆ ಮೇಜಿನ ಸುತ್ತ ಅವರನ್ನೆಲ್ಲ ಹಿಡಿದು ಕೂರಿಸುತ್ತಿದ್ದದ್ದು ಆ ಬಾಯಿ.

ಅಷ್ಟರಲ್ಲಿ ಮೆಟ್ಟಿಲಿನಲ್ಲೇ ದನಿ ಕೇಳಿಸಿತು. ಈ ಮಹಡಿ ಕಟ್ಟಿದವನು ಎದುರಿಗೆ ಸಿಕ್ಕರೆ ನಾಲ್ಕು ಮಾತು ಕೇಳಬೇಕು ಎಂದುಕೊಳ್ಳುತ್ತಾ ರೇಡಿಯೋ ಒಳಗೆ ಬಂದಳು. ಕಂಕುಳಲ್ಲಿ ಅವಳ ಪಾಲಿನ ಕಟ್ಟು ಇತ್ತು. ಸೂಜಿಗೆ ಹೋದ ಜೀವ ಬಂದಂತಾಯಿತು.

ಟೀ ಆಯಿತು, ಕೇಕು ಆಯಿತು, ಬಿಟ್ಟುಹೋದ ತಿಂಗಳುಗಳ ಸುದ್ದಿಯೂ ಆಯಿತು. ಆಗ ಸೂಜಿ ಗಂಟಲು ಸರಿಮಾಡಿಕೊಂಡು, ಪುಸ್ತಕ ಹೇಗನ್ನಿಸಿತು ಎಂದು ಕೇಳಿದಳು.

ಚೆನ್ನಾಗಿತ್ತು ಎಂದಳು ಗೋಂದಕ್ಕ, ಆದರೆ ಸರಿಯಾಗಿ ಶುರುವಾಗುವಷ್ಟರಲ್ಲಿ ಮುಗಿದುಹೋಯಿತಂತೆ. ನನ್ನದು ಶುರುವಿಗೇ ಮಧ್ಯದಲ್ಲಿತ್ತು ಎಂದಳು ಎಣಿಕೆ. ಸೂಜಿ ಇಬ್ಬರ ಮುಖವನ್ನೂ ನೋಡಿದಳು.

"ನೀವು ಒಬ್ಬರದು ಒಬ್ಬರು ಓದ್ಲಿಲ್ವಾ?"

"ಅವಳ ಪಾಲು ನಾನ್ಯಾಕೆ ಓದ್ಲಿ? ನನ್ನ ಪಾಲು ನಾನು ಮುಗಿಸಿದೀನಿ" ಎಂದಳು ಗೋಂದಕ್ಕ, ಕೆಲಸ ಕದ್ದ ಆರೋಪ ಬಂದವಳ ಹಾಗೆ.

ಎಣಿಕೆ ಮೆಲ್ಲಗೆ ಸೂಜಿಯ ಕಡೆ ತಿರುಗಿದಳು. ನೀನು ಯಾರದಾದರೂ ಓದಿದೆಯಾ ಎಂದಳು. ಇಲ್ಲ, ಸೂಜಿಯೂ ಓದಿರಲಿಲ್ಲ. ತನ್ನ ಕಟ್ಟು ಮುಗಿದ ದಿನ, ಅಬ್ಬ, ಕೆಲಸವಾಯಿತು ಎಂದು ನೆಮ್ಮದಿಯಾಗಿ ಮಗ್ಗುಲಾಗಿದ್ದಳು. ಕಾದಂಬರಿಗೆ ಹಿಂದುಮುಂದು ಇರುತ್ತದೆ ಎನ್ನುವುದೇ ಆಗ ಮರೆತುಹೋಗಿತ್ತು. ಜನ್ಮವಿಡೀ ಪುಸ್ತಕವನ್ನು ಪಾಲು ಹಂಚಿಕೊಂಡೇ ಮುಗಿಸಿದ ಕೈಗಳು, ಓದುವುದನ್ನೂ ಪಾಲು ಹಂಚಿಕೊಂಡು ಕುಳಿತಿದ್ದವು. ಮೊದಲು ನಕ್ಕವಳು ಗೋಂದಕ್ಕ. ಅವಳ ನಗು ಕೆಮ್ಮಿಗೆ ತಿರುಗುವಷ್ಟರಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡಿದ್ದರು. ರೇಡಿಯೋ ಮಾತ್ರ ನಕ್ಕೂ ನಗದವಳಂತೆ ತನ್ನ ಕಟ್ಟಿನ ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಹಾಗಾದರೆ ಸಾಲಾಗಿ ಕತೆ ಹೇಳೋಣ, ಅವರವರ ಪಾಲು ಅವರವರು, ಎಂದು ತೀರ್ಮಾನವಾಯಿತು. ಗೋಂದಕ್ಕ ಶುರು ಮಾಡಿದಳು. ಒಬ್ಬ ವಿಧವೆ ಒಂದು ಸಣ್ಣ ವಸತಿಗೃಹ ನಡೆಸುತ್ತಾಳೆ. ಅಲ್ಲಿಗೆ ಒಬ್ಬ ಬಾಡಿಗೆಯವನು ಬರುತ್ತಾನೆ, ಜೊತೆಗೊಂದು ಬೀಗ ಹಾಕಿದ ಟ್ರಂಕು. ಏನಿದೆ ಎಂದು ಕೇಳಿದರೆ ಹೇಳುವುದಿಲ್ಲ. ಕತೆಯ ನಡುವೆ ಗೋಂದಕ್ಕ ಆ ವಿಧವೆಗೆ ಬುದ್ಧಿಮಾತನ್ನೂ ಹೇಳುತ್ತಾ ಹೋದಳು, ಗೊತ್ತುಗುರಿಯಿಲ್ಲದವನಿಗೆ ಮೂಲೆಯ ಒಳ್ಳೆಯ ಕೋಣೆ ಕೊಡಬಾರದಿತ್ತು ಎಂದು. ಎಣಿಕೆ ಒಂದೂ ಬಿಡದೆ ಎರಡನೆಯ ಕಟ್ಟನ್ನು ಒಪ್ಪಿಸಿದಳು. ವಿಧವೆಗೂ ಬಾಡಿಗೆಯವನಿಗೂ ಮನಸ್ಸು ಕೂಡುತ್ತದೆ. ವಿಧವೆಯ ಅಣ್ಣ ಮೂಗು ಮುರಿಯುತ್ತಾನೆ. ಒಂದು ಬೆಳಿಗ್ಗೆ ನೋಡಿದರೆ ಟ್ರಂಕು ಇದೆ, ಮನುಷ್ಯನಿಲ್ಲ.

"ಆಮೇಲೆ?" ಎಂದು ಇಬ್ಬರೂ ರೇಡಿಯೋ ಕಡೆ ತಿರುಗಿದರು.

ರೇಡಿಯೋ ಒಂದು ಗುಟುಕು ಟೀ ಕುಡಿದಳು. ಆಮೇಲೆ ಏನು ಹೇಳಿದಳು ಅಂತೀರಿ! ಬಾಡಿಗೆಯವನು ಸೇತುವೆಯಿಂದ ಕಾಲು ಜಾರಿ ಹೊಳೆಗೆ ಬಿದ್ದ. ಹೆಣ ಸಿಕ್ಕಲು ಎರಡು ದಿನ ಬೇಕಾಯಿತು. ವಿಧವೆ ಎದೆ ಬಡಿದುಕೊಂಡಳು, ಅಣ್ಣನೇ ಮುಂದೆ ನಿಂತು ಮಣ್ಣು ಮಾಡಿದ, ಮಣ್ಣು ಮಾಡುವಾಗ ಯಾರೋ ಅಪರಿಚಿತ ಹೆಂಗಸು ಕರೀ ಕೊಡೆ ಹಿಡಿದು ದೂರದಲ್ಲಿ ನಿಂತಿದ್ದಳು. ಹೇಳುವಾಗ ಅಣ್ಣನಿಗೊಂದು ದನಿ, ವಿಧವೆಗೊಂದು ದನಿ ತೆಗೆದಳು. ಗೋಂದಕ್ಕನ ಕಣ್ಣಲ್ಲಿ ನೀರು ತುಂಬಿತು.

ಸೂಜಿ ಮಾತ್ರ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟಳು. ಅವಳ ಕಟ್ಟಿನ ಮೊದಲ ಪುಟದಲ್ಲೇ ಆ ಮನುಷ್ಯ ಗುಂಡುಕಲ್ಲಿನ ಹಾಗೆ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ರೇಡಿಯೋ ಓದಿಯೇ ಇಲ್ಲ! ಈಗ ತನ್ನ ಸರದಿ ಬರುತ್ತದೆ. ಇದ್ದದ್ದು ಇದ್ದಂತೆ ಹೇಳಿದರೆ ಇವಳ ಮುಖ ಎಲ್ಲರೆದುರು ಕೆಳಗಾಗುತ್ತದೆ. ಮುಖ ಕೆಳಗಾದ ಮನೆಗೆ ಇವಳು ಇನ್ನೊಮ್ಮೆ ಬರುತ್ತಾಳೆಯೇ? ಸತ್ತವನಿಗೆ ಒಬ್ಬ ಅವಳಿ ತಮ್ಮನಿದ್ದ ಎಂದುಬಿಡಲೇ ಎಂದು ಯೋಚಿಸಿದಳು. ಸುಳ್ಳಾದರೆ ಸುಳ್ಳಾಗಲಿ, ಕಾದಂಬರಿಯೇ ಒಂದು ಸುಳ್ಳಲ್ಲವೇ ಎಂದು ಧೈರ್ಯ ತಂದುಕೊಂಡು ಬಾಯಿ ತೆರೆದಳು.

ಅಷ್ಟರಲ್ಲಿ ಒಳಕೋಣೆಯಿಂದ ಅತ್ತೆ ಕೇಳಿದರು. "ಅವನೆಲ್ಲೇ ಸತ್ತ? ಮೊನ್ನೆ ನೀನು ಓದ್ದಾಗ ತಿಂಡಿ ತಿಂತಾ ಕೂತಿದ್ನಲ್ಲ. ಎರಡನೇ ಸಲ ಬೆಣ್ಣೆ ಬೇರೆ ಕೇಳ್ದ."

ಎಣಿಕೆ, ರೇಡಿಯೋಳ ಮಡಿಲಲ್ಲಿದ್ದ ಕಟ್ಟಿನ ಕಡೆ ಬಗ್ಗಿ ನೋಡಿದಳು. ದಾರದ ಗಂಟು ಸೂಜಿ ಹಾಕಿದ ಗಂಟೇ, ಬಿಚ್ಚಿದ ಗುರುತಿಲ್ಲ. ರೇಡಿಯೋ ಕಟ್ಟನ್ನು ಟೀಪಾಯಿಯ ಮೇಲಿಟ್ಟು ಎದ್ದು ನಿಂತಳು. ಹೊರಟೇಬಿಟ್ಟಳು ಎಂದುಕೊಂಡು ಸೂಜಿಯೂ ಎದ್ದಳು, ಬಾಗಿಲಿಗೆ ಅಡ್ಡ ನಿಲ್ಲಲೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಆದರೆ ರೇಡಿಯೋ ಹೋಗಲಿಲ್ಲ, ನಿಂತೇ ಇದ್ದಳು.

"ಬಿಚ್ಚೋಕ್ಕೆ ಆಗ್ಲಿಲ್ಲ ಕಣ್ರೇ. ಪ್ರತಿ ಸಲ ಕೈಗೆ ತಗೊಂಡಾಗ ಆ ಮಡಿಕೆ ಕಾಣುತ್ತೆ, ನಾನೇ ಮಡಚಿದ್ದು. ಅಳು ಬಂದ್ಬಿಡುತ್ತೆ. ಆಸ್ಪತ್ರೇಲಿ ಮಿಷನ್ ಸದ್ದಲ್ಲಿ ಯಾರಿಗೂ ಯಾರ ಮಾತೂ ಕೇಳ್ಸಲ್ಲ. ಇಡೀ ದಿನ ಬಾಯಿ ಮುಚ್ಕೊಂಡು ಬೆಡ್‌ಶೀಟ್ ಮಡಚ್ತೀನಿ. ಇವತ್ತೂ ಬರಬಾರ್ದು ಅಂತಾನೇ ಇದ್ದೆ."

ಸೂಜಿ ಹೋಗಿ ಅವಳ ತೋಳು ಹಿಡಿದುಕೊಂಡಳು, ಹಿಡಿದುಕೊಂಡು ತಾನೂ ಅತ್ತಳು. ಆ ಸಿಗ್ನಲ್ಲಿನ ದಿನದ ಬಗ್ಗೆ ಕೇಳಬೇಕೆಂದಿದ್ದವಳು ಕೇಳಲಿಲ್ಲ.

ಕೊನೆಗೆ ಗೋಂದಕ್ಕ ಮೂಗು ಒರೆಸಿಕೊಂಡು ಗದರಿದಳು. "ಅದೆಲ್ಲ ಸರಿ. ಆ ಕೊಡೆ ಹಿಡಿದಿದ್ದ ಹೆಂಗಸು ಯಾರು ಅಂತ ಹೇಳಿ ಅಳು."

ರೇಡಿಯೋ ಅಳುತ್ತಲೇ, ಅವನ ಮೊದಲ ಹೆಂಡತಿ ಎಂದಳು. ಈ ಸಲದ ನಗುವಿಗೆ ಕೆಳಗಿನ ಮಹಡಿಯವರು ಛಾವಣಿ ತಟ್ಟಿದರು.

ಹಾಗಾದರೆ ನಿಜವಾಗಿ ಅವನು ಹೋದದ್ದೆಲ್ಲಿಗೆ? ಓದಿಯೇ ಬಿಡೋಣ ಎಂದಳು ಎಣಿಕೆ. ಗಂಟನ್ನು ರೇಡಿಯೋ ಬಿಚ್ಚಲಾರದೆ ಹೋದಾಗ ಸೂಜಿ ಬಿಚ್ಚಿಕೊಟ್ಟಳು. ಅತ್ತೆಯ ಕುರ್ಚಿ ಹೊರಗೆ ಬಂತು. ರೇಡಿಯೋ ಓದತೊಡಗಿದಳು. ಮೊದಮೊದಲು ದನಿ ನಡುಗಿತು, ಅರ್ಧ ಪುಟ ದಾಟುವಷ್ಟರಲ್ಲಿ ಹಳೆಯ ಸ್ಟೇಷನ್ ಹಿಡಿಯಿತು. ಬಾಡಿಗೆಯವನಿಗೆ ಹಲ್ಲುನೋವಂತೆ. ವಿಧವೆಯ ಎದುರು ಬಾಯಿ ಊದಿಸಿಕೊಂಡು ನಿಲ್ಲಲು ನಾಚಿ, ಹೇಳದೆ ಕೇಳದೆ ಪಕ್ಕದ ಊರಿಗೆ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದನಂತೆ. ಒಂದು ಹಲ್ಲಿಗಾಗಿ ಇಷ್ಟು ರಂಪವೇ ಎಂದು ಅತ್ತೆ ರೇಗಿದರು. ಹೊಳೆಗೆ ಬಿದ್ದದ್ದೇ ಚೆನ್ನಾಗಿತ್ತು ಎಂದು ಗೋಂದಕ್ಕ ತೀರ್ಪು ಕೊಟ್ಟಳು. ಟ್ರಂಕಿನಲ್ಲಿ ಏನಿದೆ ಎಂದು ಮೂವರೂ ಸೂಜಿಯನ್ನು ಪೀಡಿಸಿದರು. ಅವಳು ಬಾಯಿ ಬಿಡಲಿಲ್ಲ, ಅತ್ತೆಯೂ ಬಿಡದಂತೆ ಅವರ ಕೈ ಅದುಮಿದಳು.

ಒಂದು ಅಧ್ಯಾಯ ಮುಗಿದಾಗ ಹೊರಗೆ ಬೀದಿ ದೀಪ ಹತ್ತಿತ್ತು. ಯಾರೂ ಹೇಳದೆಯೇ ಕೈಗಳು ಕೆಲಸಕ್ಕಿಳಿದವು. ಎಣಿಕೆ ನಾಲ್ಕು ಕಟ್ಟನ್ನೂ ಒಂದರ ಮೇಲೊಂದು ಜೋಡಿಸಿದಳು, ಗೋಂದಕ್ಕ ಅಂಚು ತಟ್ಟಿ ಸಮ ಮಾಡಿದಳು. ಇನ್ನು ಹಂಚುವ ತಾಪತ್ರಯ ಬೇಡ, ಹೊಲಿದು ಸರಿಯಾದ ಪುಸ್ತಕ ಮಾಡಿಬಿಡುತ್ತೇನೆ ಎಂದು ಸೂಜಿ ದಾರ ಪೋಣಿಸಿಕೊಂಡು ಬಂದಳು. ರೇಡಿಯೋ ಅಂಗೈಯನ್ನು ಕಟ್ಟಿನ ಮೇಲೆ ಅಗಲವಾಗಿ ಇಟ್ಟಳು.

"ಹೊಲಿಬೇಡ. ಹೊಲಿದ್ರೆ ಒಬ್ಬಳ ಮನೇಲಿ ಕೂತ್ಕೊಂಡ್ಬಿಡುತ್ತೆ."

ಸೂಜಿ ತಾನು ಪೋಣಿಸಿದ್ದ ದಾರ ಹೊರಗೆಳೆದು, ಹಲ್ಲಿನಿಂದ ತುಂಡು ಮಾಡಿ, ನಾಲ್ಕು ಕಟ್ಟು ಮತ್ತೆ ಕಟ್ಟಿದಳು. ಗೋಂದಕ್ಕನದು ಎಣಿಕೆಗೆ, ಎಣಿಕೆಯದು ಗೋಂದಕ್ಕನಿಗೆ ಹೋಯಿತು. ನನ್ನದು ಈ ವಾರ ನನಗೇ ಇರಲಿ ಎಂದಳು ರೇಡಿಯೋ. ಮುಂದಿನ ಭಾನುವಾರ ಯಾರ ಮನೆಯಲ್ಲಿ ಎಂಬುದಕ್ಕೆ ಬಾಗಿಲಲ್ಲಿ ನಿಂತು ಜಗಳವಾಯಿತು, ಮೂವರಿಗೂ ತಮ್ಮ ಮನೆಯಲ್ಲೇ ಆಗಬೇಕಿತ್ತು.

ಅವರು ಇಳಿದುಹೋದ ಮೇಲೆ ಸೂಜಿ ಕಿಟಕಿಗೆ ಬಂದಳು. ಇಬ್ಬರು ಮೂಲೆ ತಿರುಗಿ ಮರೆಯಾದರು. ಎದುರಿನ ಬಸ್ ಸ್ಟಾಪಿನ ದೀಪದ ಕೆಳಗೆ ರೇಡಿಯೋ ಒಬ್ಬಳೇ ನಿಂತಿದ್ದಳು, ಕಟ್ಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ತುಟಿ ಅಲ್ಲಾಡುತ್ತಿದ್ದುದು ಮೂರನೆಯ ಮಹಡಿಗೂ ಕಾಣುತ್ತಿತ್ತು. ಅವಳ ಬಸ್ಸು ಬಂತು, ಬಾಗಿಲು ತೆರೆಯಿತು, ಸ್ವಲ್ಪ ಕಾಯಿತು, ಮುಚ್ಚಿತು, ಹೋಯಿತು. ಕೂಗಿ ಹೇಳಲು ಬಗ್ಗಿದ ಸೂಜಿ ಹಾಗೇ ಕಿಟಕಿಗೆ ಕೈಯೂರಿ ನಿಂತಳು. ಕೆಳಗೆ ರೇಡಿಯೋ ಪುಟ ತಿರುಗಿಸಿದಳು.