ಪಥ್ಯದ ಮನೆಗೆ ಬಂದ ಉಪ್ಪು

ಆ ಬೆಳಗ್ಗೆ ಉಕಯಾಲಿ ನದಿಯ ಮೇಲೆ ದಕ್ಷಿಣದ ಚಳಿಗಾಳಿ ಬೀಸುತ್ತಿತ್ತು. ಸಂತ ಹ್ವಾನರ ಹಬ್ಬದ ವಾರದಲ್ಲಿ ನಮ್ಮ ಕಾಡಿಗೆ ಬರುವ ಚಳಿ ಅದು. ಎದೆಲ್ಮಿರಜ್ಜಿಯ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಏಳು ವರ್ಷದ ಮೊಮ್ಮಗಳು ಮಿರ್ಲಾ ಪಥ್ಯದಲ್ಲಿದ್ದಳು.

ಹೊಟ್ಟೆಹುಳುವಿಗೆ ನಮ್ಮ ಹಿರಿಯರು ಓಹೆ ಮರದ ಬಿಳಿ ಹಾಲು ಕುಡಿಸುತ್ತಿದ್ದರು. ಕುಡಿದವರು ಉಪ್ಪು ಮುಟ್ಟಬಾರದು, ಹೊರಗಿನವರ ಕಣ್ಣಿಗೆ ಬೀಳಬಾರದು. ತಪ್ಪಿದರೆ ಮರದ ತಾಯಿ ಮುನಿಯುತ್ತಾಳೆ ಎಂಬ ನಂಬಿಕೆ. ಅಜ್ಜಿ ಹಿಂದಿನ ದಿನ ಆ ಹಾಲು ಕುಡಿಸಿದ್ದಳು. ರಾತ್ರಿಯಿಂದ ಮಗುವಿಗೆ ವಾಂತಿ, ಭೇದಿ. ಮಗುವಿನ ತಾಯಿ, ಸೊಸೆ ದೆಲ್ಸಿ ತಡೆಯಲಾರದೆ ಊರಿನ ಆರೋಗ್ಯ ಕಾರ್ಯಕರ್ತೆ ರೊಸೌರಾಳನ್ನು ಕರೆತಂದಳು.

"ಅಲ್ಲೇ ನಿಲ್ಲೇ ರೊಸೌರಾ! ಪಥ್ಯದ ಮನೆ ಅಂತ ಗೊತ್ತಿದ್ದೂ ಮೆಟ್ಲು ಹತ್ತುತೀಯಲ್ಲ?"

"ನೀವು ಎತ್ತಿ ಆಡಿಸಿದ ಹುಡುಗಿ ಅಜ್ಜೀ ನಾನು. ಹೊರಗಿನವಳು ಯಾವಾಗ ಆದೆ? ಹಾಲು ಎಷ್ಟು ಕುಡಿಸಿದ್ರಿ?"

"ಎರಡು ಚಮಚ. ಇಲ್ಲ, ಮೂರಿರಬೇಕು... ಅಳತೆ ಗೊತ್ತಿದ್ದದ್ದು ನಮ್ಮ ಯಜಮಾನ್ರಿಗೆ. ಅವರು ಹೋಗಿ ಆರು ವರ್ಷ ಆಯ್ತು."

ರೊಸೌರಾಳ ಹಿಂದೆಯೇ ಒಳಗೆ ಬಂದ ದೆಲ್ಸಿ ಬಿಕ್ಕಿದಳು. "ನಿನ್ನೆ ನಾನೂ ಶಾಲೇಲಿ ಕೊಟ್ಟ ಹುಳದ ಮಾತ್ರೆ ನುಂಗಿಸಿದ್ದೆ. ಅತ್ತೆ ಬೈತಾರೆ ಅಂತ ಹೇಳ್ಲಿಲ್ಲ."

"ಬೈತಾರಂತೆ! ಈ ಮನೇಲಿ ಬಾಯಿ ಇರೋದು ನನಗೊಬ್ಬಳಿಗೇನಾ? ನಿನಗೂ ಇತ್ತಲ್ಲ, ಹೇಳೋದಲ್ವಾ?" ಎಂದಳು ಅಜ್ಜಿ.

ರೊಸೌರಾ ತನ್ನ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದೇ ಒಂದು ಉಪ್ಪು-ಸಕ್ಕರೆ ಪೊಟ್ಟಣ ಒಡೆದು, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಬೆರೆಸಿದಳು. ಅಜ್ಜಿ ಪಾತ್ರೆ ಹಿಡಿದುಕೊಂಡಳು.

"ಉಪ್ಪಾ? ಪಥ್ಯದಲ್ಲಿ ಉಪ್ಪು ಹಾಕಿ ಮಗೂನ ಕೊಲ್ತೀಯೇನೇ?"

ದೆಲ್ಸಿ ಇಬ್ಬರ ಮುಖವನ್ನೂ ನೋಡಿದಳು. ಕೊಟ್ಟರೆ ಜೀವ ಹೋಗುತ್ತದೋ, ಕೊಡದಿದ್ದರೆ ಹೋಗುತ್ತದೋ? ಯಾರನ್ನು ನಂಬುವುದು? ಅವಳಿಗೆ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಮಿರ್ಲಾ ಮುಖ ಕಿವುಚಿಕೊಂಡು ಅತ್ತಳು.

"ಅಜ್ಜೀ, ಕೆನ್ನೆ ಮುಟ್ಟಿ ನೋಡಿ. ಅಳ್ತಿದಾಳೆ, ಕಣ್ಣೀರೆಲ್ಲಿ?"

ಅಜ್ಜಿ ಮುಟ್ಟಿದಳು. ಒಣಗಿತ್ತು.

"ಕಣ್ಣೀರು ಉಪ್ಪೇ ಅಲ್ವಾ? ಹುಟ್ಟಿಸುವಾಗ್ಲೇ ದೇವರು ಒಳಗಿಟ್ಟ ಉಪ್ಪು. ನೀರಿನ ಜೊತೆ ಅದೂ ಹರಿದು ಹೋಗಿದೆ. ಹೋದದ್ದನ್ನೇ ತುಂಬ್ತಿದೀನಿ ಅಜ್ಜೀ, ಹೊಸದೇನೂ ಹಾಕ್ತಿಲ್ಲ."

ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಪಾತ್ರೆಯಿಂದ ಕೈ ತೆಗೆದಳು.

"ಮರದ ತಾಯಿಗೆ ನಾನು ಹೇಳ್ಕೋತೀನಿ. ನೀನು ಕುಡಿಸು."

ಚಮಚ ಚಮಚವಾಗಿ ಕುಡಿಸುತ್ತಲೇ ದೋಣಿಯಲ್ಲಿ ಆರೋಗ್ಯ ಕೇಂದ್ರಕ್ಕೆ ಒಯ್ದರು. ಅಜ್ಜಿ ಹಾಲಿನ ವಿಷಯ ಹೇಳಿದಳು, ದೆಲ್ಸಿ ಮಾತ್ರೆಯ ವಿಷಯ ಹೇಳಿದಳು. ಕೆಡುಕು ಯಾವುದರಿಂದ ಆಯಿತೆಂದು ಅಲ್ಲಿನ ನರ್ಸಮ್ಮನಿಗೂ ಖಚಿತವಾಗಿ ಹೇಳಲಾಗಲಿಲ್ಲ. ಮೂರನೆಯ ದಿನ ಮಗು ಸುಟ್ಟ ಬಾಳೆಕಾಯಿ ಬೇಕೆಂದು ಹಠ ಹಿಡಿಯಿತು.

ಅಕ್ಕಂದಿರೇ, ಅಣ್ಣಂದಿರೇ, ಓಹೆ ದೇವರು ಕೊಟ್ಟ ಮರ. ಆದರೆ ಅಳತೆ ತಪ್ಪಿದರೆ ಅದರ ಹಾಲು ಕರುಳನ್ನೇ ಸುಡುತ್ತದೆ. ನೀವಾಗಿ ಮಕ್ಕಳಿಗೆ ಕುಡಿಸಬೇಡಿ. ಏನು ಕೊಟ್ಟಿದ್ದರೂ ಮನೆಯವರಿಗೂ ನರ್ಸಮ್ಮನಿಗೂ ಮುಚ್ಚಿಡದೆ ಹೇಳಿ. ವಾಂತಿ-ಭೇದಿಯಾದರೆ, ಪಥ್ಯವಿದ್ದರೂ ಸರಿ, ಉಪ್ಪು-ಸಕ್ಕರೆ ನೀರು ಕುಡಿಸುತ್ತಾ ಕೂಡಲೇ ಆರೋಗ್ಯ ಕೇಂದ್ರಕ್ಕೆ ಹೊರಡಿ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎದೆಲ್ಮಿರಜ್ಜಿ ರೊಸೌರಾಳ ಪಕ್ಕ ಬಂದು ನಿಂತಳು. ಆರೋಗ್ಯ ಕೇಂದ್ರದಲ್ಲಿ ಕೇಳಿ ತಂದಿದ್ದ ಒಂದು ಉಪ್ಪು-ಸಕ್ಕರೆ ಪೊಟ್ಟಣವನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿದಳು.