ಬೀಗರ ತಾರಸಿ

ತಾರಸಿಗಳ ಸೋರಿಕೆ ನಿಲ್ಲಿಸುವುದರಲ್ಲಿ ಮೇಸ್ತ್ರಿಯದು ಎತ್ತಿದ ಕೈ. ಬೀಗರ ತಾರಸಿ ಮಾತ್ರ ಅವನ ಮಾನ ಕಳೆಯುತ್ತಿತ್ತು. ಮಗಳನ್ನು ಕೊಟ್ಟ ಮನೆ ಬೇರೆ. ಹಾಳಾದ್ದು ಒಂದು ಹನಿ ಬಿದ್ದರೂ ಬೀಗಿತಿ ಅದರ ಕೆಳಗೆ ಬಕೆಟ್ಟು ಕುಕ್ಕಿ, "ಬಾ, ನಿಮ್ಮಪ್ಪನ ಕೆಲಸ ನೋಡು ಬಾ" ಎಂದು ಸೊಸೆಯನ್ನು ಕರೆಯುತ್ತಿದ್ದಳು.

ಹೋದ ಸಲ ಅವನು ನೀರು ತಡೆಯುವ ಹಳೆಯ ಪದರವನ್ನೆಲ್ಲ ಕೆತ್ತಿ ಹೊಸದಾಗಿ ಬಳಿದಿದ್ದ. ನೀರು ಹೋಗುವ ಕೊಳವೆಗೆ ಬಟ್ಟೆ ತುರುಕಿ, ತಾರಸಿಯ ತುಂಬ ನೀರು ನಿಲ್ಲಿಸಿ ಪರೀಕ್ಷಿಸಿದ್ದ. ಕೆಳಗೆ ಒಂದು ಹನಿಯೂ ಇಳಿದಿರಲಿಲ್ಲ. ಆಮೇಲೇ ಅವನಿಗೆ ಅನ್ನ ಸೇರಿದ್ದು.

ಈಗ ಮತ್ತೆ ಸೋರುತ್ತಿದೆ ಎಂದು ಫೋನು ಬಂದಾಗ ಅವನು ಕೈಲಿದ್ದ ಕೆಲಸ ಬಿಟ್ಟು ಹೊರಟ. ಬಂದವನೇ ಮೆಟ್ಟಿಲು ಹತ್ತಿದ; ಮಗಳೂ ಹಿಂದೆಯೇ ಹತ್ತಿ ಬಂದಳು. ತಾರಸಿಯ ಮೇಲೆ ಹೊಸದೊಂದು ತಗಡಿನ ಚಪ್ಪರ ನಿಂತಿತ್ತು. ಅವನು ಬಳಿದ ಪದರವನ್ನೇ ಕೊರೆದು, ಅದರ ಕಂಬಗಳಿಗೆ ಬೋಲ್ಟು ಬಿಗಿದಿದ್ದರು.

"ಯಾರಮ್ಮ ಇದನ್ನ ಹಾಕ್ಸಿದ್ದು?"

"ನಾನೇ ಅಪ್ಪ. ಬಿಸಿಲಿಗೆ ನಿನ್ನ ಕೆಲಸ ಬಿರುಕು ಬಿಡಬಾರ್ದು ಅಂತ ಇವರಿಗೆ ದುಂಬಾಲು ಬಿದ್ದು ಹಾಕ್ಸಿದೆ. ಆದ್ರೂ ಯಾಕಪ್ಪ ಸೋರುತ್ತೆ? ಇನ್ನು ಮಾತು ಕೇಳಕ್ಕೆ ನನ್ನ ಕೈಲಾಗಲ್ಲ."

ಮೆಟ್ಟಿಲ ಬುಡದಿಂದ ಬೀಗಿತಿ ಕೇಳಿದಳು, "ಏನಂತೆ? ಯಾರ ತಪ್ಪಂತೆ?"

ಮೇಸ್ತ್ರಿ ಹತ್ತಿರದ ಬೋಲ್ಟನ್ನು ಪಾದದಿಂದ ಮುಚ್ಚಿಕೊಂಡು ನಿಂತ.

"ನಂದೇ. ಮೊದಲಿಂದ ಮಾಡ್ಕೊಡ್ತೀನಿ."

ಕೆಳಗೆ ಬಕೆಟ್ಟು ಕುಕ್ಕಿದ ಸದ್ದಾಯಿತು.

"ಬಾರೇ ಇಲ್ಲಿ. ನಿಮ್ಮಪ್ಪನೇ ಒಪ್ಕೊಂಡ್ರು, ಕೇಳಿಸ್ತಾ?"