ಗುಲಾಬಿ ತೋಟದ ಮಂದ್ರನಾದ

ಮಾರ್ಗಶಿರದ ಮುಂಜಾವು ಹೊಸೂರಿನ ಮಗ್ಗುಲ ಬಾಗಲೂರಿನ ಬಯಲಿಗೆ ಇಳಿಯುವ ಪರಿಯನ್ನು ಕಂಡವರೇ ಬಲ್ಲರು, ಸಹೃದಯರೇ! ಕೆರೆಯ ಮೈಯಿಂದ ಮೆಲ್ಲನೆದ್ದ ಮಂಜು ಕೊಯ್ದ ರಾಗಿಯ ಕೂಳೆಗಳನ್ನು ಸವರಿ, ಹೊಸ ಬಡಾವಣೆಗಳ ಬೆತ್ತಲೆ ಇಟ್ಟಿಗೆಗೋಡೆಗಳನ್ನು ಬಳಸಿ, ಸಾಲುಸಾಲಾಗಿ ನಿಂತ ಪಾಲಿಹೌಸುಗಳ ಮೇಲೆ ಬಂದು ಕುಳಿತಾಗ, ಒಳಗಿನ ಗುಲಾಬಿಗಳ ರಕ್ತವರ್ಣವು ಆ ತೆಳುಪೊರೆಯಾಚೆ ಯಾರೋ ಮರೆಮಾಡಿ ಹಿಡಿದ ದೀಪದಂತೆ ಮಿನುಗುತ್ತದೆ... ದೂರದ ಹೆದ್ದಾರಿಯಲ್ಲಿ ಕಾರ್ಖಾನೆಯ ಬಸ್ಸುಗಳು ಮೊದಲ ಪಾಳಿಯ ಜನರನ್ನು ಹೊತ್ತು ಸಾಗುತ್ತವೆ. ತಮಿಳು, ತೆಲುಗು, ಕನ್ನಡ ಮೂರೂ ಟೀ ಅಂಗಡಿಯ ಒಂದೇ ಬೆಂಚಿನ ಮೇಲೆ ಮೈಗೆ ಮೈ ತಾಗಿಸಿ ಕುಳಿತು ಚಳಿ ಕಾಯಿಸಿಕೊಳ್ಳುತ್ತವೆ.

ಅಂಥದೊಂದು ಮುಂಜಾವಿನಲ್ಲಿ ಗೋಪಿನಾಥನ ತೋಟದ ಗೇಟಿನ ಬಳಿ ಭೂಮಿಕಾ ಬಂದು ನಿಂತಳು.

ಗೋಪಿನಾಥ ತಂದೆ ರಾಗಿ ಬಿತ್ತಿದ್ದ ನೆಲದಲ್ಲಿ ಗುಲಾಬಿ ಬೆಳೆದವನು, ಮಿತಭಾಷಿ, ಮೂವತ್ತೈದು ದಾಟಿದರೂ ಮದುವೆಯ ಮಾತನ್ನು ಮುಂದಕ್ಕೆ ತಳ್ಳುತ್ತಲೇ ಬಂದವನು. ತಾಯಿ ಬೈರಮ್ಮನೂ ಅವನೂ ಬಿಟ್ಟರೆ ಆ ಮನೆಯಲ್ಲಿ ಮತ್ತಾರೂ ಇರಲಿಲ್ಲ.

"ನಮ್ದೊಂದು ಬ್ಯಾಂಡಿದೆ," ಎಂದಳು ಭೂಮಿಕಾ. "ಮನೆ ಅವಲಪಲ್ಲೀಲಿ. ಅಲ್ಲಿ ನುಡಿಸಿದ್ರೆ ಅಕ್ಕಪಕ್ಕದೋರು ಬಂದು ಬಾಗ್ಲು ಬಡೀತಾರೆ. ನಿಮ್ ಹಳೇ ಶೆಡ್ಡು ಖಾಲಿ ಇದೆ ಅಂದ್ರು. ಭಾನುವಾರ ಮಾತ್ರ ಕೊಟ್ರೆ ಸಾಕು. ಹೆವಿ ರಾಕು... ಕಿವಿಗೆ ಒರಟಾಗಿರುತ್ತೆ, ಮೊದ್ಲೇ ಹೇಳ್ಬುಡ್ತೀನಿ."

ಗೇಟು ತೆರೆದ ಬೈರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನು ಹಾಡ್ತೀಯೇನವ್ವ?"

"ಇಲ್ಲಮ್ಮ. ಬೇಸ್ ನುಡಿಸ್ತೀನಿ. ದಪ್ಪ ತಂತಿ ಗಿಟಾರು."

ಬೈರಮ್ಮನಿಗೆ ಏನೂ ತಿಳಿಯಲಿಲ್ಲ. ಆದರೂ ಬೀಗದ ಕೈ ತಂದುಕೊಟ್ಟಳು.

ಮೊದಲ ಭಾನುವಾರ ಗೋಪಿನಾಥ ಹೂಗಳನ್ನು ಆರಿಸಿ ಕಟ್ಟುವ ಕೋಣೆಯಲ್ಲಿದ್ದ. ಗೋಡೆಯಾಚೆಯ ಶೆಡ್ಡಿನಲ್ಲಿ ಅವಳ ಬ್ಯಾಂಡಿನ ವೆಂಕಿಯ ಡ್ರಮ್ಮುಗಳು ತಗಡಿನ ಸೂರಿನ ಮೇಲೆ ಆಲಿಕಲ್ಲು ಸುರಿದಂತೆ ಮೊಳಗಿದವು. ಕಿರಣ್‌ಕುಮಾರನ ಗಿಟಾರು ಸಿಡಿಲಿನ ಬಳ್ಳಿಯಂತೆ ಮೇಲಕ್ಕೆ ಚಿಮ್ಮಿತು. ಇದಿಷ್ಟೇ ಇರಬೇಕೆಂದು ಅವನು ಭಾವಿಸುತ್ತಿದ್ದಾಗಲೇ, ಹೂಗಳನ್ನಿಟ್ಟಿದ್ದ ಬಕೆಟ್ಟುಗಳ ನೀರಿನಲ್ಲಿ ಸಣ್ಣ ವೃತ್ತಗಳು ಮೂಡಿದವು. ಒಂದರ ಹಿಂದೊಂದು, ಸಮಪ್ರಮಾಣವಾಗಿ, ಯಾರೋ ಅಗೋಚರವಾದ ಬೆರಳಿನಿಂದ ನೀರನ್ನು ಮುಟ್ಟುತ್ತಿರುವಂತೆ! ಆ ನಾದ ಕಿವಿಗಿಂತ ಮೊದಲು ಅವನ ಎದೆಗೂಡನ್ನು ತಲುಪಿತ್ತು. ಅವನು ಗೋಡೆಗೆ ಅಂಗೈಯಿಟ್ಟ. ಇಟ್ಟಿಗೆಗಳು ಮಲಗಿದ ದೊಡ್ಡ ಪ್ರಾಣಿಯ ಪಕ್ಕೆಯಂತೆ ಉಸಿರಾಡುತ್ತಿದ್ದವು...

ಬಾಗಿಲ ಸಂದಿಯಿಂದ ನೋಡಿದ. ಗಂಡಸರಿಬ್ಬರೂ ಗಾಳಿಗೆ ಸಿಕ್ಕ ಮರಗಳಂತೆ ತೂಗುತ್ತಿದ್ದರು. ಅವಳು ಮಾತ್ರ ಕಣ್ಣುಮುಚ್ಚಿ, ಕೃಷ್ಣಗಿರಿಯ ಬಂಡೆಗಳಿಗಿರುವ ಪ್ರಾಚೀನ ನಿಶ್ಚಲತೆಯಿಂದ ನಿಂತಿದ್ದಳು. ಎರಡೇ ಎರಡು ಬೆರಳುಗಳು ನಡೆಯುತ್ತಿದ್ದವು. ಆ ಎರಡು ಬೆರಳುಗಳ ಮೇಲೆ ಅಷ್ಟೂ ಆರ್ಭಟ ನಿಂತಿತ್ತು.

ಭಾನುವಾರಗಳು ಕಳೆದವು. ಅಭ್ಯಾಸ ಮುಗಿದ ಮೇಲೆ ಹೊಂಗೆಯ ಮರದಡಿ ಬೈರಮ್ಮ ಕೊಟ್ಟ ಚಹಾ ಕುಡಿಯುತ್ತ ಭೂಮಿಕಾ ತನ್ನ ಬದುಕನ್ನು ಚೂರುಚೂರಾಗಿ ಹೇಳಿದಳು. ತಂದೆ ರಾಮಕೃಷ್ಣಪ್ಪ ಕುಣಿಗಲ್ ಕಡೆಯಿಂದ ಹೊಸೂರಿನ ಕಾರ್ಖಾನೆಗೆ ಬಂದವರು. ಹಗಲಿರುಳು ತಗಡು ಒತ್ತುವ ಪ್ರೆಸ್ ಯಂತ್ರಗಳು ನೆಲ ಗುದ್ದುವ ಬೀದಿಯಲ್ಲಿ ಅವಳ ಬಾಲ್ಯ. ರಜೆಯ ದಿನ ಯಂತ್ರ ನಿಂತರೆ ಮಗುವಿಗೆ ನಿದ್ದೆಯೇ ಹತ್ತುತ್ತಿರಲಿಲ್ಲವಂತೆ! ಕಾಲೇಜಿನ ಬ್ಯಾಂಡಿನಲ್ಲಿ ಯಾರಿಗೂ ಬೇಡವಾಗಿದ್ದ ವಾದ್ಯವನ್ನು ಅವಳು ಕೇಳಿ ಪಡೆದಳು. ಬೆರಳು ಬೊಬ್ಬೆಯೆದ್ದು, ಒಡೆದು, ಮತ್ತೆ ಗಟ್ಟಿಯಾದವು. ಮೊದಲ ವೇದಿಕೆಯಲ್ಲಿ ಗಾಯಕಿಯೆಂದು ತಿಳಿದು ಮೈಕು ಕೈಗಿತ್ತರು. ನೋಡಲು ಬಂದ ಗಂಡಿನ ಕಡೆಯವರು, ಮದುವೆಯಾದ ಮೇಲೆ ಇದನ್ನೆಲ್ಲ ಬಿಡುತ್ತಾಳಲ್ಲವೇ ಎಂದು ತಂದೆಯನ್ನು ಕೇಳಿದರು. ಬಿಡುವುದಿಲ್ಲವೆಂದು ಅವಳೇ ಒಳಗಿನಿಂದ ಉತ್ತರಿಸಿದಳು.

"ಎರಡನೇ ಬ್ಯಾಂಡಲ್ಲಿ ವರ್ಷಗಟ್ಲೆ ನುಡಿಸ್ದೆ," ಎಂದಳು ಒಂದು ದಿನ. "ಆಲ್ಬಂ ಬಂತು. ಮೇಲೆ ನನ್ ಫೋಟೊ. ಬಸ್ಸಲ್ಲಿ ಕೂತ್ಕೊಂಡು ಕೇಳ್ತೀನಿ, ನನ್ ಕೈ ಅಲ್ಲ ಅದು. ನಂಗೆ ಹೇಳ್ದೆ ಬೇರೆಯವರ ಕೈಲಿ ನುಡಿಸ್ಬುಟ್ಟಿದ್ರು."

ಗೋಪಿನಾಥ ಅವಳತ್ತ ತಿರುಗಿದ. "ಆಮೇಲೆ?"

"ಸೂಳಗಿರೀಲಿ ಬಸ್ಸಿಂದ ಇಳಿದ್ಬುಟ್ಟೆ. ಹೆದ್ದಾರಿ ಪಕ್ಕ ಕೂತಿದ್ದೆ. ಲಾರಿಗಳು ಹೋಗ್ತಿದ್ವು, ನೆಲ ನಡುಗ್ತಿತ್ತು. ಇದನ್ನ ನನ್ನಿಂದ ಯಾರು ಕಿತ್ಕೋತಾರೆ ಅನ್ನಿಸ್ತು. ಮನೆಗೆ ಬಂದು ಈ ಬ್ಯಾಂಡ್ ಕಟ್ಟಿದೆ."

ಅವಳ ದನಿಯಲ್ಲಿ ಕಹಿಯಿರಲಿಲ್ಲ. ಲೋಟ ಹಿಡಿದ ಆ ಬೆರಳತುದಿಗಳನ್ನು ಅವನು ನೋಡಿದ: ಕೊಂಬಿನಂತೆ ಗಡುಸು. ಮುಳ್ಳಿನ ಗೀರುಗಳು ತುಂಬಿದ ತನ್ನ ಅಂಗೈಯನ್ನು ಮೊದಲ ಬಾರಿಗೆ ಅವನು ಮರೆಮಾಡದೆ ಮಡಿಲಲ್ಲಿಟ್ಟುಕೊಂಡ.

ಮಾಘದ ಒಂದು ಸಂಜೆ ಕೃಷ್ಣಗಿರಿಯ ಬೆಟ್ಟದ ಕೆಳಗಿನ ಮೈದಾನದಲ್ಲಿ ಅವರ ಕಛೇರಿ ಏರ್ಪಾಟಾಯಿತು. ದೇಶವೆಲ್ಲ ಸುತ್ತುವ ದೊಡ್ಡ ತಂಡವೊಂದರ ಗಾಯಕಿ ಉಷಾರಾಣಿ ತನ್ನ ತಂಡಕ್ಕೆ ಬೇಸ್ ನುಡಿಸುವವರನ್ನು ಹುಡುಕುತ್ತ ಅಂದು ಅಲ್ಲಿಗೆ ಬರುವವಳಿದ್ದಳು. ತಾನೂ ಬರುವುದಾಗಿ ಬೈರಮ್ಮ ಹಟ ಹಿಡಿದಳು. ಬೆಟ್ಟದ ಬಂಡೆಗಳು ಅಸ್ತರವಿಯ ಕುಂಕುಮರಾಗದಲ್ಲಿ ತೊಯ್ದಿದ್ದವು. ಯುವಜನರ ಕಡಲಿನ ನಡುವೆ ಹಸಿರು ಸೀರೆಯ ಬೈರಮ್ಮ ಪುಟ್ಟ ದ್ವೀಪದಂತೆ ಕುಳಿತಿದ್ದಳು.

ಮೂರನೆಯ ಹಾಡು ಶಿಖರಕ್ಕೇರುತ್ತಿದ್ದಾಗ ಅನಾಹುತವಾಯಿತು. ಭೂಮಿಕಾಳ ವಾದ್ಯದಿಂದ ಆ್ಯಂಪ್ಲಿಫಯರಿಗೆ ಹೋಗುವ ವೈರು ತುಂಡಾಯಿತು. ಡ್ರಮ್ಮಿತ್ತು, ಗಿಟಾರಿತ್ತು, ಕಿರಣ್‌ಕುಮಾರನ ಕಂಠವಿತ್ತು... ಆದರೂ ಹಾಡು ಬೇರು ಕಡಿದ ಮರದಂತೆ ಗಾಳಿಯಲ್ಲಿ ತೇಲತೊಡಗಿತು. ಕುಣಿಯುತ್ತಿದ್ದವರ ಕಾಲುಗಳು ತಡವರಿಸಿದವು. ಏಕೆಂದು ಅವರಿಗೂ ತಿಳಿಯಲಿಲ್ಲ.

"ಲಾ ಗೋಪಿ," ಎಂದು ಬೈರಮ್ಮ ಮಗನ ತೋಳು ಹಿಡಿದಳು. "ಆ ಹುಡ್ಗಿ ನಿಲ್ಸಿದ್ಳೇನ್ಲಾ? ಕಾಲಡಿ ನೆಲ ಹೋದಂಗಾಯ್ತಲ್ಲ."

ಅವನು ವೇದಿಕೆಯತ್ತ ಬೆರಳು ತೋರಿದ. ಸೌಂಡಿನವನು, ಬೇಸ್ ಇಲ್ಲದಿದ್ದರೂ ನಡೆಯುತ್ತದೆ ಎಂಬಂತೆ ಕೈಯಾಡಿಸಿ ಹಾಡು ಮುಂದುವರಿಸಲು ಸನ್ನೆ ಮಾಡುತ್ತಿದ್ದ. ಭೂಮಿಕಾ ಅವನತ್ತ ನೋಡಲೂ ಇಲ್ಲ. ಮಂಡಿಯೂರಿ, ಚೀಲದಿಂದ ಬೇರೆ ವೈರನ್ನು ತೆಗೆದು, ಸಿಕ್ಕು ಬಿಡಿಸಿ ಜೋಡಿಸಿದಳು. ಎದ್ದು ನಿಂತಳು. ಆದರೆ ಕೂಡಲೇ ನುಡಿಸಲಿಲ್ಲ! ಆ ಅನಾಥ ಹಾಡು ಒಂದು ಸುತ್ತು ಸುತ್ತಿ ತನ್ನ ಬಳಿಗೆ ಬರುವವರೆಗೆ ಕಣ್ಣುಮುಚ್ಚಿ ಕಾದಳು... ಆಮೇಲೆ ಒಂದೇ ಒಂದು ಸ್ವರ. ಅತ್ಯಂತ ದಪ್ಪ ತಂತಿಯ, ಅತ್ಯಂತ ಕೆಳಗಿನ ಸ್ವರ.

ಭೂಮಿ ಮರಳಿ ಬಂದಿತು. ಮೈದಾನ ಒಮ್ಮೆಲೇ ಉಸಿರೆಳೆದುಕೊಂಡಿತು. ಸಾವಿರ ಎದೆಗಳ ಮೇಲೆ ಒಂದೇ ಹಸ್ತ ಬಂದು ಕುಳಿತಂತಾಯಿತು. ಗೋಪಿನಾಥನ ಕಣ್ಣು ತುಂಬಿದವು. ಸಾಗರವನ್ನು ಮೊದಲು ಕಂಡ ಬಯಲುಸೀಮೆಯವನಂತೆ ಅವನು ನಿಂತಿದ್ದ. ಪಕ್ಕದಲ್ಲಿ ಬೈರಮ್ಮ ತನಗರಿವಿಲ್ಲದೆಯೇ ಕೈಜೋಡಿಸಿದ್ದಳು.

ಮರುದಿನ ಬೆಳಗ್ಗೆ ತನ್ನ ಸಾಮಾನು ಒಯ್ಯಲು ಭೂಮಿಕಾ ತೋಟಕ್ಕೆ ಬಂದಳು.

"ಉಷಾರಾಣಿಯವರು ಕರೆದಿದ್ದಾರೆ. ಶಿಲ್ಲಾಂಗು, ಕೊಹಿಮಾ... ಮಳೆಗಾಲ ಮುಗಿಯೋವರೆಗೂ ಊರೂರು."

ಗೋಪಿನಾಥ ಕತ್ತರಿಯನ್ನು ಕೆಳಗಿಟ್ಟ. "ಒಂದು ಮಾತು ಹೇಳ್ಬೇಕು ಅಂತಿದ್ದೆ. ಈಗ ಹೇಳಿದ್ರೆ ಹೊರಟೋರನ್ನ ತಡೆದಂಗಾಗುತ್ತೇನೋ ಅಂತ ಭಯ."

"ಹೇಳಿ."

"ನಿಮ್ಮನ್ನ ಮದ್ವೆ ಆಗ್ಬೇಕು ಅಂತ ಆಸೆ. ಇದನ್ನ ಬಿಡಿ ಅಂತ ಯಾವತ್ತೂ ಕೇಳಲ್ಲ."

ಅವಳು ಚೀಲವನ್ನು ಹೆಗಲಿಂದ ಇಳಿಸಿದಳು. "ಹೋದೋಳು ಬರೋದು ತಡ ಆದ್ರೆ? ಮದ್ವೆ ಆದ್ಮೇಲೂ ಹಿಂಗೇ ಹೋಗ್ತಾ ಇದ್ರೆ?"

"ಬಾಗ್ಲಲ್ಲಿ ಕಾಯ್ತಾ ಕೂತಿರಲ್ಲ. ತೋಟದಲ್ಲಿ ಕೆಲ್ಸ ಇರುತ್ತೆ," ಎಂದ ಅವನು. "ಆದ್ರೆ ಇಲ್ಲೇ ಇರ್ತೀನಿ."

ಅವಳು ನಕ್ಕಳು. ನಗುತ್ತಲೇ ಅವಳ ಕಣ್ಣು ಒದ್ದೆಯಾದವು. ಗಡುಸಾದ ಆ ಬೆರಳತುದಿಗಳು ಅವನ ಅಂಗೈಯ ಗೀರುಗಳ ಮೇಲೆ ಒಂದು ಕ್ಷಣ ತಂಗಿದವು. "ಹೂಂ," ಎಂದಳು.

"ಹೋಗ್ತೀನಿ ಅನ್ಬ್ಯಾಡ ಕಣವ್ವ," ಎಂದಳು ಜಗಲಿಯಿಂದ ಬೈರಮ್ಮ. "ಹೋಗ್ಬತ್ತೀನಿ ಅನ್ನು."

"ಹೋಗ್ಬತ್ತೀನಮ್ಮ."

ಕಾರ್ತೀಕದಲ್ಲಿ ಅವಳು ಬಂದಳು. ಆ ಮಾಸದಲ್ಲೇ ಮದುವೆಯಾಯಿತು. ಮತ್ತೆ ಹೋದಳು, ಮತ್ತೆ ಬಂದಳು. ಇಂದಿಗೂ ಹಾಗೆಯೇ ನಡೆದಿದೆ.

ಒಲವೆಂದರೆ ಇನ್ನೊಂದು ಜೀವವನ್ನು ತನ್ನದಾಗಿಸಿಕೊಳ್ಳುವ ಹಂಬಲವೆಂದು ಲೋಕ ನಂಬಿದೆ, ಸಹೃದಯರೇ. ಆದರೆ ತನಗೆಂದೂ ಪೂರ್ತಿ ಎಟುಕದ ಎತ್ತರವೊಂದು ಪಕ್ಕದಲ್ಲೇ ಕುಳಿತು ಚಹಾ ಕುಡಿಯುತ್ತಿದೆಯೆಂದು ಅರಿತವನು ಕೈಚಾಚುವ ಮುನ್ನ ತುಸು ತಲೆಬಾಗುತ್ತಾನೆ. ಆ ಬಾಗಿದ ಕ್ಷಣದಲ್ಲಿ ಮನುಷ್ಯಹೃದಯ ಪಡೆಯುವ ವಿಸ್ತಾರವಿದೆಯಲ್ಲ... ಅದನ್ನು ತುಂಬಲು ಒಂದು ಜನ್ಮದ ಸಹವಾಸವೂ ಸಾಲದು. ಸಾಲದಿರುವುದೇ ಅದರ ಸೌಭಾಗ್ಯ.